ಮೊಡೆನಾದ ಅಟ್ಟದಿಂದ ಸಾಗರದ ಅಡುಗೆಮನೆಗೆ

ಹೊರಡುವಾಗ ಅಮ್ಮ ಹೇಳಿದ್ದು ಒಂದೇ ಮಾತು: "ಬರುವಾಗ ತಿನ್ನೋದು ಏನಾದ್ರೂ ತಗೊಂಡ್ ಬಾ. ನಾನೂ ತಿನ್ನುವಂಥದ್ದು." ಸಾಗರದ ನಮ್ಮ ಮನೆಯೊಳಗೆ ಮೊಟ್ಟೆಯೂ ಬರುವುದಿಲ್ಲ. ಹಾಗಾಗಿ ಇಟಲಿಯಲ್ಲಿ ಇಳಿದ ದಿನದಿಂದ ಆ ಮಾತು ನನ್ನ ಜೊತೆಗೇ ಓಡಾಡುತ್ತಿತ್ತು.

ಮೊದಲು ಹೋಗಿದ್ದು ಬೊಲೋನ್ಯಾಕ್ಕೆ. ಊರ ನಡುವಿನ ಪಿಯಾತ್ಸಾ ಮಜ್ಜೋರೆ ಚೌಕದ ಪಕ್ಕದಲ್ಲೇ ಕ್ವಾದ್ರಿಲಾತೆರೊ ಎಂಬ ಹಳೆಯ ಪೇಟೆ ಇದೆ. ಇಕ್ಕಟ್ಟಾದ ಓಣಿಗಳು. ಸೂರಿಗೆ ತೂಗುಹಾಕಿದ ಹಂದಿ ತೊಡೆಗಳು, ಗಾಜಿನ ಹಿಂದೆ ಹಳದಿ ತಾಜಾ ಪಾಸ್ತಾ, ಒಂದರ ಮೇಲೊಂದು ಇಟ್ಟ ಚೀಸ್ ಗಾಲಿಗಳು. ಪಾರ್ಮಿಜಾನೊ ರೆಜ್ಜಾನೊ ಚೀಸಿನ ಒಂದು ಗಾಲಿ ಸುಮಾರು 40 ಕೆಜಿ ತೂಗುತ್ತದೆ. ಕಡಿಮೆ ಅಂದರೂ 12 ತಿಂಗಳು ಹಣ್ಣಾಗಬೇಕು. 24 ತಿಂಗಳದ್ದು, 36 ತಿಂಗಳದ್ದು ಎಂದು ಚೀಟಿ ಅಂಟಿಸಿ ಬೇರೆ ಬೇರೆ ಮಾರುತ್ತಾರೆ.

ಆದರೆ ಅದನ್ನು ನಾನು ಕೊಳ್ಳಲಿಲ್ಲ. ಪಾರ್ಮಿಜಾನೊ ಮಾಡಲು ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ. ಆ ಹೆಸರಿಟ್ಟು ಮಾರಬೇಕಾದರೆ ಅದನ್ನೇ ಹಾಕಬೇಕು ಎಂಬ ನಿಯಮವಿದೆ. ನಮ್ಮಲ್ಲಿ ಎಷ್ಟೋ ಸಸ್ಯಾಹಾರಿಗಳಿಗೆ ಇದು ಗೊತ್ತೇ ಇಲ್ಲ. ನನಗೆ ಗೊತ್ತಿದ್ದೂ ಅಮ್ಮನ ತಟ್ಟೆಗೆ ಹಾಕುವುದು ಆಗದ ಮಾತು. ಹೋಗುವ ಮೊದಲೇ ಎರಡು ಪದ ಕಲಿತಿದ್ದೆ: "ಕಾಲ್ಯೊ ವೆಜೆತಾಲೆ". ಗಿಡದಿಂದ ತೆಗೆದ ರೆನೆಟ್ ಎಂದು ಅರ್ಥ. ಅಂಗಡಿಯಾಕೆ ಅದನ್ನು ಕೇಳಿದ ಕೂಡಲೇ ಪೆಕೊರಿನೊ ಎಂಬ ಚೀಸ್ ಒಂದನ್ನು ಎತ್ತಿಕೊಟ್ಟರು. ಮುಳ್ಳುಗಿಡದ ಹೂವಿನಿಂದ ಹಾಲು ಒಡೆಸಿದ್ದು. ಆದರೆ ಕುರಿ ಹಾಲು. ಅಮ್ಮ ಮುಟ್ಟುವುದು ಅನುಮಾನ ಅನ್ನಿಸಿ ನನಗೆಂದೇ 300 ಗ್ರಾಂ ಕೊಯ್ಸಿಕೊಂಡೆ. ಗಾಳಿ ತೆಗೆದು ಪ್ಯಾಕ್ ಮಾಡಿಕೊಟ್ಟರು. ಒಣಗಿಸಿದ ಪೊರ್ಚಿನಿ ಅಣಬೆಯನ್ನೂ ಒಂದು ಸಣ್ಣ ಪೊಟ್ಟಣ ತೆಗೆದುಕೊಂಡೆ. ನೆನೆಸಿದ ನೀರನ್ನು ಚೆಲ್ಲಬಾರದು, ರುಚಿಯೆಲ್ಲ ಅದರಲ್ಲೇ ಇರುತ್ತದೆ.

ಮಾರನೆ ದಿನ ರೈಲು ಹತ್ತಿ ಮೊಡೆನಾಕ್ಕೆ ಹೋದೆ. ಅರ್ಧ ಗಂಟೆಯ ದಾರಿ. 1931ರಲ್ಲಿ ತೆರೆದ ಅಲ್ಬಿನೆಲ್ಲಿ ಮಾರುಕಟ್ಟೆಯನ್ನು ಒಂದು ಸುತ್ತು ಹಾಕಿದೆ. ನನಗೆ ನೋಡಬೇಕಿದ್ದದ್ದು ಮಾತ್ರ ಅಚೆತಾಯಾ, ಅಂದರೆ ಬಾಲ್ಸಾಮಿಕ್ ವಿನೆಗರ್ ಇಡುವ ಅಟ್ಟ.

ಊರ ಹೊರಗಿನ ಒಂದು ಮನೆ. ಮರದ ಮೆಟ್ಟಿಲು ಹತ್ತುವಾಗಲೇ ಮೂಗಿಗೆ ಬಡಿದ ವಾಸನೆ ನನ್ನನ್ನು ಅಲ್ಲೇ ನಿಲ್ಲಿಸಿತು. ನಮ್ಮ ಆಲೆಮನೆಯ ವಾಸನೆ ಅದು! ಮನೆಯವರು ವಿವರಿಸಿದ ಮೇಲೆ ಕಾರಣ ತಿಳಿಯಿತು. ದ್ರಾಕ್ಷಿ ರಸವನ್ನು ಬಾಯಿ ತೆರೆದ ಪಾತ್ರೆಯಲ್ಲಿ ಗಂಟೆಗಟ್ಟಲೆ ಕಾಯಿಸಿ ಇಂಗಿಸುತ್ತಾರೆ. ನಾವು ಕಬ್ಬಿನ ಹಾಲು ಕಾಯಿಸುವ ಹಾಗೆಯೇ, ಅಲ್ವಾ? ಆಮೇಲೆ ಅದು ಹುಳಿಬಂದು, ಸಾಲಾಗಿ ಇಟ್ಟ ಪೀಪಾಯಿಗಳಿಗೆ ಹೋಗುತ್ತದೆ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಸಾಲು. ಓಕ್, ಚೆಸ್ಟ್‌ನಟ್, ಚೆರಿ, ಹಿಪ್ಪುನೇರಳೆ, ಒಂದೊಂದು ಮರದ್ದು ಒಂದೊಂದು. ವರ್ಷಕ್ಕೊಮ್ಮೆ ಎಲ್ಲಕ್ಕಿಂತ ಚಿಕ್ಕ ಪೀಪಾಯಿಯಿಂದ ಸ್ವಲ್ಪ ತೆಗೆಯುತ್ತಾರೆ. ಅದು ಖಾಲಿಯಾದಷ್ಟನ್ನು ಪಕ್ಕದ ದೊಡ್ಡದರಿಂದ ತುಂಬುತ್ತಾರೆ, ಹಾಗೇ ಸಾಲಿನ ಕೊನೆಯವರೆಗೆ. ಅಟ್ಟದಲ್ಲೇ ಯಾಕೆ ಇಡುವುದು ಎಂದು ಕೇಳಿದೆ. ಬೇಸಿಗೆಯ ಬಿಸಿಯೂ ಚಳಿಗಾಲದ ಚಳಿಯೂ ಪೂರ್ತಿ ತಾಗಬೇಕಂತೆ. ಹಿಂದೆ ಹೆಣ್ಣುಮಗು ಹುಟ್ಟಿದಾಗ ಇಂಥ ಒಂದು ಸಾಲು ಶುರುಮಾಡಿ, ಮದುವೆಯಲ್ಲಿ ಜೊತೆಗೆ ಕಳಿಸುತ್ತಿದ್ದರಂತೆ.

ಕೊಳ್ಳುವವರು ಇಲ್ಲಿ ಎಚ್ಚರವಾಗಿರಬೇಕು. 'ಬಾಲ್ಸಾಮಿಕೊ' ಎಂದು ಬರೆದ ಸೀಸೆಗಳೆಲ್ಲ ಒಂದೇ ಅಲ್ಲ. ಊರಿನ ಹೆಸರು ಹೊತ್ತ ಪದಾರ್ಥಗಳಿಗೆ ಯುರೋಪಿನಲ್ಲಿ ಐಜಿಪಿ, ಡಿಒಪಿ ಎಂಬ ಎರಡು ಗುರುತುಗಳಿವೆ, ಡಿಒಪಿಯದ್ದು ಹೆಚ್ಚು ಬಿಗಿ. ಐಜಿಪಿ ಗುರುತಿನದ್ದರಲ್ಲಿ ವೈನ್ ವಿನೆಗರ್ ಬೆರೆತಿರುತ್ತದೆ, 60 ದಿನ ಇಟ್ಟರೂ ಸಾಕು. ದಿನದ ಸಲಾಡಿಗೆ ಅದು ಚೆನ್ನಾಗಿಯೇ ಇರುತ್ತದೆ. 'ತ್ರಾದಿತ್ಸಿಯೊನಾಲೆ' (ಸಾಂಪ್ರದಾಯಿಕ) ಎಂಬ ಪದವೂ ಡಿಒಪಿ ಗುರುತೂ ಇದ್ದರೆ ಅದು ಬರೀ ದ್ರಾಕ್ಷಿ ರಸದ್ದು. ಕನಿಷ್ಠ 12 ವರ್ಷದ್ದು. 'ಎಕ್ಸ್‌ಟ್ರಾವೆಕ್ಯೊ' ಅಂದರೆ 25 ವರ್ಷ ದಾಟಿದ್ದು. ಮೊಡೆನಾದ್ದಾದರೆ ಗುಂಡು ಹೊಟ್ಟೆಯ 100 ಮಿಲಿ ಸೀಸೆಯಲ್ಲೇ ಬರುತ್ತದೆ. ಕಾರುಗಳ ವಿನ್ಯಾಸಕ್ಕೆ ಹೆಸರಾದ ಜುಜಾರೊ ರೂಪಿಸಿದ ಸೀಸೆ ಅದು. ಮುಂದಿನ ಹೆಸರು ನೋಡಿ ಮರುಳಾಗದೆ ಹಿಂದಿನ ಚೀಟಿ ಓದಿ. 12 ವರ್ಷದ್ದಕ್ಕೆ 45 ಯೂರೋ ಕೊಟ್ಟೆ. ಜಾಸ್ತಿ ಅನ್ನಿಸಿತು. ಆದರೆ ಪೀಪಾಯಿಯಿಂದ ವರ್ಷಕ್ಕೆ ಎಷ್ಟು ಕಡಿಮೆ ತೆಗೆಯುತ್ತಾರೆ ಎಂದು ಕಣ್ಣಾರೆ ನೋಡಿದ ಮೇಲೆ ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ.

ಎರಡು ಕಾಟನ್ ಸೀರೆಗಳ ನಡುವೆ ಸುತ್ತಿ, ದೊಡ್ಡ ಸೂಟ್‌ಕೇಸಿನ ಮಧ್ಯದಲ್ಲಿಟ್ಟು ತಂದೆ.

ಸಾಗರ ಮುಟ್ಟಿದ ಸಂಜೆ ಅಮ್ಮ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಇದರಲ್ಲಿ ಏನೇನಿದೆ?" ಎಂದಳು. "ದ್ರಾಕ್ಷಿ ರಸ ಅಷ್ಟೇ, ಕಾಯಿಸಿ ಹುಳಿಬರಿಸಿದ್ದು" ಎಂದೆ. ಅಂಗೈಗೆ ಒಂದು ಹನಿ ಹಾಕಿಸಿಕೊಂಡು ನೆಕ್ಕಿದಳು. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

"ಜೋನಿಬೆಲ್ಲಕ್ಕೆ ಹುಣಸೆಹಣ್ಣು ಕಿವುಚಿದ ಹಾಗಿದೆ" ಎಂದು ಮತ್ತೆ ಕೈ ಒಡ್ಡಿದಳು.