ಉಳವಿಗೆ ಓಡಿ ಬಂದವರು

ಭರತ ಹುಣ್ಣಿಮೆ ಹತ್ರ ಬಂತಂದ್ರೆ ಧಾರವಾಡ ಬೆಳಗಾವಿ ಕಡೆಯ ಚಕ್ಕಡಿಗಳು ಉಳವಿ ದಾರಿ ಹಿಡೀತಾವೆ. ಎತ್ತಿನ ಕೊರಳಿಗೆ ಗೆಜ್ಜೆಸರ, ಚಕ್ಕಡಿ ಒಳಗೆ ರೊಟ್ಟಿ ಗಂಟು, ಶೇಂಗಾ ಹಿಂಡಿ. ಜೋಯಿಡಾ ಕಾಡೊಳಗೆ ಬಸವಣ್ಣನ ಸೋದರಳಿಯ ಚನ್ನಬಸವಣ್ಣನ ಸಮಾಧಿಗೆ ಕೈ ಮುಗಿದು ಬರ್ತೀವಿ, ಆದ್ರೆ ಅವರು ಆ ಕಾಡಿಗೆ ಯಾಕೆ ಬಂದ್ರು ಅನ್ನೋದನ್ನ ಜಾಸ್ತಿ ಯಾರೂ ಮಾತಾಡಲ್ಲ. ಜೀವ ಉಳಿಸ್ಕೊಳ್ಳೋಕೆ ಬಂದ್ರು. ಸಮಗಾರ ಹರಳಯ್ಯ, ಬ್ರಾಹ್ಮಣ ಮಧುವರಸ ಇವರ ಮಕ್ಕಳಿಗೆ ಜಾತಿ ಮೀರಿ ಮದುವೆ ಆಗಿ, ಆ ಬೀಗರಿಬ್ಬರಿಗೂ ಎಳೆಹೂಟೆ (ಆನೆ ಕಾಲಿಗೆ ಕಟ್ಟಿ ಎಳೆಸೋ) ಶಿಕ್ಷೆ ಆಗಿ, ಬಸವಣ್ಣನ ಊರು ಕಲ್ಯಾಣ ಹೊತ್ತಿಕೊಂಡ ಮೇಲೆ ಶರಣರು ವಚನದ ಕಟ್ಟು ಹೊತ್ಕೊಂಡು, ಹಿಂದೆ ಸೈನ್ಯ ಬೆನ್ನಟ್ಟಿರೋವಾಗ ಓಡಿ ಬಂದ್ರು ಅಂತ ನಮ್ಮ ಪರಂಪರೆನೇ ಹೇಳುತ್ತೆ. ಅಂದ್ರೆ ನಿರಾಶ್ರಿತರು.

ಅದಕ್ಕೇ ಹೊರಗಿಂದ ಬಂದವರನ್ನ ನೋಡಿ ಮೂಗು ಮುರಿಯೋ ಹಕ್ಕು ಬೇರೆ ಯಾರಿಗಿದ್ರೂ ಲಿಂಗಾಯತರಿಗಂತೂ ಇಲ್ಲ ಅನ್ಸುತ್ತೆ ನಂಗೆ.

ಕಲ್ಯಾಣನಾದ್ರೂ ಎಂಥಾ ಊರು? ಮೋಳಿಗೆ ಮಾರಯ್ಯ ಕಾಶ್ಮೀರದಿಂದ ಬಂದ ಅರಸ ಅಂತಾರೆ, ಇಲ್ಲಿ ಕಟ್ಟಿಗೆ ಹೊರೆ ಮಾರ್ಕೊಂಡಿದ್ದ. ಆದಯ್ಯ ಸೌರಾಷ್ಟ್ರದವನು. ಮರುಳಶಂಕರದೇವ ಅಫ್ಘಾನಿಸ್ತಾನದ ಕಡೆಯವನಂತೆ, ಅವನ ಕಥೆ ಮಾತ್ರ ಸ್ವಲ್ಪ ಚುಚ್ಚುತ್ತೆ. 12 ವರ್ಷ ಬಸವಣ್ಣನ ಮನೆ, ಅಂದ್ರೆ ಮಹಾಮನೆಯ ಪ್ರಸಾದಕುಂಡದ ಹತ್ರಾನೇ ಇದ್ದ, ದಿನಾ ಸಾವಿರಾರು ಜನ ಉಂಡು ಎದ್ದು ಹೋಗ್ತಿದ್ರು, ಒಬ್ಬರೂ ಗಮನಿಸಲಿಲ್ಲ, ಕೊನೆಗೆ ಅಲ್ಲಮಪ್ರಭು ಬಂದು ತೋರಿಸ್ಬೇಕಾಯ್ತು. ದಾಸೋಹ ನಡೀತಿದ್ದ ಮನೇಲೇ ಹಿಂಗಾದ್ರೆ ನಮ್ಮ ಪಾಡೇನು ಹೇಳಿ. ಅನ್ನ ಹಾಕೋದು ಸುಲಭ, ಯಾರಪ್ಪ ನೀನು, ಆರಾಮ ಇದೀಯಾ ಅಂತ ಮುಖ ನೋಡಿ ಕೇಳೋದೇ ಕಷ್ಟ. ಬಂದವರನ್ನ ಕುಳ್ಳಿರಿ ಅಂದ್ರೆ ನೆಲ ಕುಳಿ ಬೀಳುತ್ತಾ ಅಂತ ಬಸವಣ್ಣ ಬೈದಿದ್ದು ಇಂಥದ್ದಕ್ಕೇ. 'ಇವನಾರವ' ವಚನ ಎಲ್ಲರ ಸ್ಟೇಟಸ್‌ನಲ್ಲೂ ಇರುತ್ತೆ, ಇದನ್ನ ಯಾಕೋ ಯಾರೂ ಹಾಕಲ್ಲ.

ಅದೇ ಉತ್ತರ ಕನ್ನಡ ಜಿಲ್ಲೆಗೆ 1966ರಲ್ಲಿ ಇನ್ನೊಂದು ಗುಂಪು ಬಂತು, ಮುಂಡಗೋಡಕ್ಕೆ, ಟಿಬೆಟ್ ಬಿಟ್ಟು ಬಂದವರು. ಸರ್ಕಾರ ಜಾಗ ಕೊಡ್ತು, ಅವರು ಕಾಡು ಕಡಿದು ಗೋವಿನಜೋಳ ಬೆಳೆದ್ರು, ಡ್ರೆಪುಂಗ್, ಗಾಂಡೆನ್ ಅನ್ನೋ ತಮ್ಮ ಬೌದ್ಧ ಮಠಗಳನ್ನ ಮತ್ತೆ ಕಟ್ಟಿಕೊಂಡ್ರು. ಚಳಿಗಾಲಕ್ಕೆ ಪ್ಯಾಟಿ ಬೀದೀಲಿ ಅವರ ಹತ್ರಾನೇ ಸ್ವೆಟರ್ ಚೌಕಾಸಿ ಮಾಡ್ತೀವಿ. ಅವರು ಬಂದ್ರು ಅಂತ ನಮ್ಮ ಧರ್ಮವೇನೂ ಮುಳುಗಿ ಹೋಗ್ಲಿಲ್ಲ.

ಕೆಲಸ ಹೋಗುತ್ತೆ, ಕನ್ನಡ ಕಲಿಯಲ್ಲ ಅಂತ ಹೇಳೋರ ಮಾತು ಪೂರ್ತಿ ಸುಳ್ಳು ಅನ್ನಲ್ಲ ನಾನು. ಕನ್ನಡ ಕಲೀಲೇಬೇಕು, ಕಲಿಸೋಣ, ಅಲ್ಲಮನ ವಚನದಿಂದಲೇ ಶುರು ಮಾಡಿದ್ರೆ ಓಡಿ ಹೋಗ್ತಾರೆ ಅಷ್ಟೆ. ವೀಸಾ, ಗಡಿ ಇದೆಲ್ಲ ಸರ್ಕಾರದ ಕೆಲಸ, ಅದನ್ನ ಅವರು ನೋಡ್ಕೊಳ್ಳಲಿ. ನಮ್ಮ ಬಾಗಿಲಿಗೆ ಬಂದವನ ಜೊತೆ ನಾವು ಹೆಂಗಿರ್ತೀವಿ ಅನ್ನೋದು ಸರ್ಕಾರದ ಕೆಲಸ ಅಲ್ವಲ್ಲ. ಕಾಯಕ ಮಾಡಿ ತಿನ್ನೋನಿಗೆ ಯಾವೂರು ಅಂತ ಕೇಳಿ ಪಂಕ್ತಿ ಬೇರೆ ಮಾಡೋಕೆ ಶರಣರ ಹೆಸರು ಹೇಳ್ಬೇಡಿ, ನನ್ನ ತಕರಾರು ಇಷ್ಟೇ.

ಬಸವ ಜಯಂತಿ ಪ್ರಸಾದಕ್ಕೆ ಪಕ್ಕದ ಬಿಲ್ಡಿಂಗ್ ಕಾಯೋ ನೇಪಾಳದ ಕುಟುಂಬಾನೂ ಕರೆಯೋಣ, ನಮ್ಮ ಜೊತೆನೇ ಸಾಲಲ್ಲಿ ಕೂರಿಸೋಣ ಅಂತ ಕಮಿಟಿ ಗ್ರೂಪಲ್ಲಿ ಹಾಕಿದ್ದೆ. ಕೆಲವರು ಕೈ ಮುಗಿದ ಇಮೋಜಿ ಹಾಕಿದ್ರು, ಒಬ್ಬರು 'ಅವ್ರ ಆಧಾರ್ ಚೆಕ್ ಮಾಡೀರೇನ್ರಿ' ಅಂದ್ರು. ಗೋಧಿ ಹುಗ್ಗಿ ಬಡಿಸೋಕೆ ಆಧಾರ್ ಯಾಕ್ ಬೇಕ್ರೀ ಅಣ್ಣಾರ ಅಂತ ಕೇಳಿದೀನಿ. ಬ್ಲೂ ಟಿಕ್ ಬಿದ್ದಿದೆ, ಉತ್ತರ ಇನ್ನೂ ಇಲ್ಲ.