ಅಗ್ಗಕ್ಕೆ ಮಾರಿ ದುಬಾರಿಗೆ ಕೊಳ್ಳುವವರು

ಧಾನ್ಯದ ಬೆಲೆ ಏರಿದರೆ ಬೆಳೆದವರಿಗೆ ಲಾಭ ಅಂತ ನಾನೂ ತುಂಬಾ ವರ್ಷ ನಂಬಿದ್ದೆ. ತುಂಡು ಭೂಮಿಯವರ ವಿಷಯದಲ್ಲಿ ಇದು ಬಹಳ ಸಲ ಉಲ್ಟಾ. ಬೆಲೆ ಏರುವ ಹೊತ್ತಿಗೆ ಅವರ ಹತ್ತಿರ ಮಾರಲು ಏನೂ ಉಳಿದಿರುವುದಿಲ್ಲ, ಅವರೇ ಕೊಳ್ಳುವವರ ಸಾಲಿನಲ್ಲಿ ನಿಂತಿರುತ್ತಾರೆ.

ಸುಗ್ಗಿಯಲ್ಲಿ ಎಲ್ಲರ ಮಾಲೂ ಒಟ್ಟಿಗೆ ಬಂದು ದರ ನೆಲ ಕಚ್ಚುತ್ತದೆ. ಕಾದು ಮಾರಿದರೆ ಜಾಸ್ತಿ ಸಿಗುತ್ತದೆ ಅನ್ನುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೆ ಬಿತ್ತನೆಗೆ ತಂದ ಸಾಲಕ್ಕೆ ಆಗಲೇ ಗಡುವು ಬಂದಿರುತ್ತದೆ, ಮಕ್ಕಳ ಫೀಸು ಕಟ್ಟಬೇಕು, ಇಟ್ಟುಕೊಳ್ಳೋಣ ಅಂದರೆ ಒಣ ಜಾಗ ಇಲ್ಲ, ಇದ್ದರೂ ಹುಳ ಬೀಳುತ್ತದೆ, ಇಲಿ ಬಿಡುವುದಿಲ್ಲ. ಮಾರಿಬಿಡುತ್ತಾರೆ. ಕೆಲವು ತಿಂಗಳಲ್ಲಿ ಮನೆಯ ಚೀಲ ಖಾಲಿ, ಮುಂದಿನ ಬೆಳೆ ಇನ್ನೂ ಹಸಿರು, ಕೂಲಿ ಸರಿಯಾಗಿ ಸಿಗುವುದಿಲ್ಲ, ಅದೇ ಸಮಯಕ್ಕೆ ದರ ಮೇಲಕ್ಕೆ ಹೋಗಿರುತ್ತದೆ.

ಬಡ ಮನೆಯ ಸಂಪಾದನೆಯಲ್ಲಿ ದೊಡ್ಡ ಪಾಲು ಊಟಕ್ಕೇ ಹೋಗುತ್ತದೆ. ಜರ್ಮನ್ ಅಂಕಿಅಂಶ ತಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಹಾಗಾಗಿ ದರ ಏರಿದಾಗ ಕಡಿತವಾಗುವುದೂ ಊಟವೇ. ಹೊರಗಿನವರಿಗೆ ಅದು ಕಾಣುವುದಿಲ್ಲ, ಯಾಕೆಂದರೆ ಹೊಟ್ಟೆ ತುಂಬಿಸುವ ಧಾನ್ಯವನ್ನು ಹೇಗೋ ಉಳಿಸಿಕೊಳ್ಳುತ್ತಾರೆ. ಮೊದಲು ಹೋಗುವುದು ಹಾಲು, ಮೊಟ್ಟೆ, ಹಣ್ಣು, ಕಾಳು. ತಾಯಿ ತನ್ನ ಪಾಲನ್ನು ಸುಮ್ನೆ ಮಕ್ಕಳ ತಟ್ಟೆಗೆ ಹಾಕುತ್ತಾಳೆ. ಎರಡು ವರ್ಷದೊಳಗಿನ ಮಗುವಿಗೆ ಈ ತಿಂಗಳುಗಳಲ್ಲಿ ತಪ್ಪಿದ ಪೌಷ್ಟಿಕ ಊಟವನ್ನು ಮುಂದಿನ ಸುಗ್ಗಿಯಲ್ಲಿ ಪೂರ್ತಿ ತುಂಬಿಕೊಡುವುದು ಕಷ್ಟ. ನನಗೆ ತುಂಬಾ ಸಂಕಟ ಆಗುವುದು ಇಲ್ಲೇ. ವರ್ಷದ ಸರಾಸರಿ ದರ ನೋಡಿ ಎಲ್ಲ ಸರಿಯಿದೆ ಅಂದುಬಿಟ್ಟರೆ ಈ ಮಗು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ದಾರಿ ಇಲ್ಲ ಅಂತಲ್ಲ. ಗಾಳಿಯಾಡದ ಮೂರು ಪದರದ ಚೀಲಗಳು ಬಂದಿವೆ, ಒಳಗೆ ಆಮ್ಲಜನಕ ಮುಗಿದು ಹುಳ ಸಾಯುತ್ತದೆ, ಔಷಧಿ ಹೊಡೆಯುವುದೇ ಬೇಡ. ಕೀನ್ಯಾದಲ್ಲಿ ಮೆಕ್ಕೆಜೋಳ ಬೆಳೆಯುವ ಸಣ್ಣ ರೈತರಿಗೆ ಸಂಶೋಧಕರು ಸುಗ್ಗಿಯ ಹೊತ್ತಿನಲ್ಲೇ ಸಣ್ಣ ಸಾಲ ಕೊಡಿಸಿ ನೋಡಿದರು, 2019ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಕೈಯಲ್ಲಿ ದುಡ್ಡಿದ್ದವರು ಕಾದು ಮಾರಿದರು, ಆದಾಯ ಹೆಚ್ಚಿತು. ತುಂಬಾ ಜನ ಸಾಲ ಪಡೆದ ಕಡೆ ಸ್ಥಳೀಯ ಮಾರುಕಟ್ಟೆಯ ಏರಿಳಿತವೂ ಕಡಿಮೆಯಾಯಿತು, ಅಂದರೆ ಸಾಲ ಪಡೆಯದವರಿಗೂ ಅನುಕೂಲ ಆಗಿರಬಹುದು.

ಸಾಲ ಕೊಡುವವರನ್ನು ನಾನು ಕೇಳುವುದು ಇಷ್ಟೇ. ಮರುಪಾವತಿಯ ಗಡುವನ್ನು ಸುಗ್ಗಿಯ ವಾರಕ್ಕೇ ಯಾಕೆ ಇಡುತ್ತೀರಿ? ನಾಲ್ಕು ತಿಂಗಳು ಮುಂದಕ್ಕೆ ಹಾಕಿ.