ಆದಾಯ ಕೇಳಬೇಡಿ, ಚೇಣಿ ಕೇಳಿ

ಬಿ.ಎ. ಓದುವ ಮಕ್ಕಳಿಂದ ಸಂಶೋಧನೆ ಮಾಡಿಸುತ್ತೇನೆ ಎಂದರೆ ಸ್ಟಾಫ್ ರೂಮಿನಲ್ಲಿ ಈಗಲೂ ನಗು. "ಬೇಡಿಕೆ ರೇಖೆ ನೆಟ್ಟಗೆ ಬರೆಯೋಕೆ ಬರಲ್ಲ, ಇವರೆಂಥ ಸರ್ವೆ ಮಾಡ್ತಾರೆ ಮಾರಾಯ್ರೆ!" ಶಿವಮೊಗ್ಗದ ಡಿಗ್ರಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವ ನಾನು. ಶನಿವಾರ ತರಗತಿ ಮುಗಿದ ಮೇಲೆ ಆಸಕ್ತಿ ಇದ್ದವರು ಉಳಿಯಬಹುದು. ಅಂಕವಿಲ್ಲ, ಹಾಜರಿಯಿಲ್ಲ. ಅದಕ್ಕೇ ರ‍್ಯಾಂಕಿನ ಮೇಲೆ ಕಣ್ಣಿಟ್ಟವರು ಬೇಗ ಜಾರಿಕೊಳ್ಳುತ್ತಾರೆ. ಕಡೆಯವರೆಗೆ ಉಳಿಯುವವರಲ್ಲಿ ಹಿಂದಿನ ಬೆಂಚಿನವರೇ ಹೆಚ್ಚು.

ಮೊದಮೊದಲು ಎಲ್ಲರಿಗೂ ದೊಡ್ಡ ದತ್ತಾಂಶವೇ ಬೇಕು. 2022-23ರ ಕೌಟುಂಬಿಕ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ದೇಶದ 2,61,746 ಮನೆಗಳ ಲೆಕ್ಕವಿದೆ, ಪುಕ್ಕಟೆ ಸಿಗುತ್ತದೆ. ಆದರೆ ನಮ್ಮ ಜಿಲ್ಲೆ, ಅದರಲ್ಲೂ ಅಡಿಕೆ ಬೆಳೆಯುವ ಮನೆ ಎಂದು ಸೋಸುತ್ತ ಹೋದರೆ ಕೈಗೆ ಉಳಿಯುವುದರಿಂದ ಏನನ್ನೂ ಹೇಳಲಾಗದು.

ಎಪಿಎಂಸಿ ಧಾರಣೆ ವಾಸಿ, ದಿನಾ ಬರುತ್ತದೆ. ಒಬ್ಬ ಹುಡುಗ ಒಟ್ಟು ವಹಿವಾಟನ್ನು ಒಟ್ಟು ಆವಕದಿಂದ ಭಾಗಿಸಿ, ಅಡಿಕೆ ಬೆಲೆ ಬಿತ್ತು ಎಂದು ಗ್ರಾಫ್ ತಂದ. ಮಂಡಿಯಲ್ಲಿ ಅಪ್ಪನ ಜೊತೆ ನಿಂತು ಗೊತ್ತಿದ್ದ ಇನ್ನೊಬ್ಬ ಕೇಳಿದ್ದು ಒಂದೇ ಮಾತು: "ಸರಕು ಎಷ್ಟು, ಗೊರಬಲು ಎಷ್ಟು?" ಸರಕು, ಬೆಟ್ಟೆ, ರಾಶಿ, ಗೊರಬಲು ಇವೆಲ್ಲ ಅಡಿಕೆಯ ದರ್ಜೆಗಳು, ಗೊರಬಲು ಅಗ್ಗದ್ದು. ಆ ತಿಂಗಳು ಗೊರಬಲಿನ ಆವಕ ಜಾಸ್ತಿ. ಸರಕು, ಬೆಟ್ಟೆ, ರಾಶಿ ಯಾವುದರ ಬೆಲೆಯೂ ಬಿದ್ದಿರಲಿಲ್ಲ. ತೂಕದ ಸರಾಸರಿಯನ್ನು (ವೆಯ್ಟೆಡ್ ಆವರೇಜ್) ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ಹತ್ತದ್ದು ಅವತ್ತು ಹತ್ತಿತು.

ನಿಜವಾದ ಪಾಠ ಶುರುವಾದದ್ದು ತೀರ್ಥಹಳ್ಳಿ ಕಡೆಯ ಹಳ್ಳಿಗಳಿಗೆ ಪ್ರಶ್ನಾವಳಿ ಹಿಡಿದು ಹೋದಾಗ. "ಗೌಡ್ರೇ, ವರ್ಷದ ಆದಾಯ ಎಷ್ಟು?" ಎಂದು ಹುಡುಗಿ ಕೇಳಿದಳು. "ಆದಾಯ ಎಂಥದು ಮಾರಾಯ್ತಿ, ಕೊಳೆರೋಗಕ್ಕೇ ಅರ್ಧ ಹೋಯ್ತು." ಮಾತು ಮುಗಿಯಿತು. ಅವಳೂ ತೋಟದ ಮನೆಯವಳೇ. ಹಾಳೆ ಮಡಿಚಿಟ್ಟು, "ಈ ಸಲ ಚೇಣಿ ಕೊಟ್ರಾ, ನೀವೇ ಸುಲಿಸಿದ್ರಾ?" ಎಂದಳು. ತೋಟದ ಫಸಲನ್ನು ಕರಾರು ಮಾಡಿ ಗುತ್ತಿಗೆಗೆ ಕೊಡುವುದೇ ಚೇಣಿ; ಹಿಡಿದವನು ಚೇಣಿದಾರ. ಗೌಡರು ಕವಳ ಹಾಕಿಕೊಂಡು ಜಗಲಿಯಲ್ಲಿ ಸರಿಯಾಗಿ ಕೂತರು. ಚೇಣಿದಾರ ಯಾರು, ಮುಂಗಡ ಎಷ್ಟು, ಯಾವ ತಿಂಗಳು ಕೊಟ್ಟ, ಮಗಳ ಮದುವೆಗೆ ಅದೇ ದುಡ್ಡು ಹೇಗೆ ಹೋಯಿತು, ಎಲ್ಲ ಬಂತು. ಆದಾಯದ ಅಂಕಿಯನ್ನು ಆಮೇಲೆ ನಾವೇ ಕೂಡಿಸಿಕೊಂಡೆವು.

ಅಲ್ಲಿಂದ ಪ್ರಶ್ನೆಯೇ ಬದಲಾಯಿತು. ಕ್ವಿಂಟಲ್ ಹಸಿ ಅಡಿಕೆಗೆ ಇಷ್ಟು ಕೆ.ಜಿ. ಒಣ ಅಡಿಕೆ ವಾಪಸು ಎಂದು ಮಾತಾದರೆ ಬೆಲೆ ಬಿದ್ದಾಗ ಪೆಟ್ಟು ತೋಟದವರಿಗೆ. ಹಸಿ ಅಡಿಕೆಗೇ ದುಡ್ಡು ಕಟ್ಟಿದರೆ ಪೆಟ್ಟು ಚೇಣಿದಾರನಿಗೆ. ಯಾರು ಯಾವ ಕರಾರು ಒಪ್ಪುತ್ತಾರೆ, ಯಾಕೆ? ಪಾಲು ಬೇಸಾಯದಲ್ಲಿ ನಷ್ಟದ ಭಯ ಹೇಗೆ ಹಂಚಿಹೋಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಜೋಸೆಫ್ ಸ್ಟಿಗ್ಲಿಟ್ಜ್ 1974ರಲ್ಲಿ ಬರೆದ ಲೇಖನವನ್ನು ಆಗ ಕೊಟ್ಟೆ. ಗಣಿತ ಬಿಟ್ಟು ಉಳಿದದ್ದನ್ನು ಓದಿಕೊಂಡು ಬಂದರು. ಮೊದಲೇ ಕೊಟ್ಟಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ, ಅದು ಖಾತ್ರಿ.

ತೋಟವಿಲ್ಲದ ಮನೆಯ ಮಕ್ಕಳು ಇನ್ನೊಂದು ಮಗ್ಗುಲಿಂದ ನೋಡುತ್ತಾರೆ. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗಾರರೊಬ್ಬರ ಮಗಳು ನಮ್ಮ ಪ್ರಶ್ನಾವಳಿಯ 'ಉದ್ಯೋಗ' ಕಾಲಮ್ಮನ್ನೇ ಹಿಡಿದಳು. "ಸರ್, ಎಲ್ಲ ಹೆಂಗಸರಿಗೂ ಮನೆಕೆಲಸ ಅಂತ ಬರ್ದಿದೀವಿ. ಸೀಸನ್ನಲ್ಲಿ ನಮ್ಮಮ್ಮ ರಾತ್ರಿ ಹನ್ನೊಂದರ ತನಕ ಅಡಿಕೆ ಸುಲೀತಾರಲ್ಲ?" ಸರ್ಕಾರದ ಕಾರ್ಮಿಕ ಸಮೀಕ್ಷೆ ಇದಕ್ಕೊಂದು ದಾರಿ ಇಟ್ಟಿದೆ: ವರ್ಷದ ಹೆಚ್ಚಿನ ಕಾಲ ಮಾಡಿದ್ದು ಪ್ರಧಾನ ಚಟುವಟಿಕೆ; ಅದರ ಜೊತೆಗೆ ಕನಿಷ್ಠ 30 ದಿನ ಮಾಡಿದ ಬೇರೆ ಕೆಲಸ ಪೂರಕ ಚಟುವಟಿಕೆ. ನಮ್ಮ ಹಾಳೆಯಲ್ಲಿ ಆ ಎರಡನೇ ಕಾಲಮ್ಮೇ ಇರಲಿಲ್ಲ. ಸೇರಿಸಿ, ಅದೇ ಮನೆಗಳಿಗೆ ಮತ್ತೆ ಹೋದರು.

ಕೊಯ್ಲಿನ ಹೊತ್ತಿಗೆ ಅರ್ಧ ಜನ ನಾಪತ್ತೆ, ಮನೆಯಲ್ಲಿ ಕೆಲಸ. ಹೆಣ್ಣುಮಕ್ಕಳು ಸಂಜೆಯ ಬಸ್ಸಿಗೆ ಮುಂಚೆ ಹೊರಡಬೇಕು, ದೂರದ ಊರು ಆಗದು. ವರದಿ ಕನ್ನಡದಲ್ಲೇ ಬರೆಸುತ್ತೇನೆ. ಈ ಬೇಸಿಗೆಗೆ ಚೇಣಿದಾರರನ್ನೇ ಕೂರಿಸಿ ಕೇಳುವ ಯೋಚನೆಯಿದೆ. ಅವರಿಗೆ ದುಡ್ಡು ಎಲ್ಲಿಂದ ಬರುತ್ತದೆ, ಬಡ್ಡಿ ಎಷ್ಟು ಎನ್ನುವುದು ಇನ್ನೂ ಖಾಲಿ ಕಾಲಮ್ಮು.